ಕೊಡೆಯಡಿ ಬೆಳೆದ ಮೆಂತ್ಯ

ಇತೋ ಸಾನ್, ನೀವು ನನಗಾಗಿ ಬೆಳೆದ ಮೆಂತ್ಯ ಸೊಪ್ಪನ್ನು ನಾನು ತಿನ್ನಲೇ ಇಲ್ಲ — ಕಸಕ್ಕೆ ಹಾಕಿದೆ. ಚೆನ್ನಾಗಿತ್ತು ಎಂದು ನಿಮ್ಮೆದುರು ಹೇಳಿದ್ದು ಸುಳ್ಳು.

ಕೊರೋನಾದ ಮೊದಲ ವರ್ಷ. ಮೈಸೂರಿನಿಂದ ಅಮ್ಮ ಬರುವುದಿರಲಿ, ಒಂದು ಪಾರ್ಸೆಲ್ ಕೂಡ ಬರುತ್ತಿರಲಿಲ್ಲ. ಗಂಡನ ಕೆಲಸಕ್ಕೆಂದು ನಾವು ಬಂದಿಳಿದ ಜಪಾನಿನ ಈ ಉತ್ತರದ ಕಡಲೂರಿನಲ್ಲಿ ಮೇ ತಿಂಗಳಿಗೂ ಸ್ವೆಟರ್ ಬಿಚ್ಚುವ ಹಾಗಿಲ್ಲ, ಹಿಡಿದ ಮಳೆ ಬಿಡುವುದಿಲ್ಲ. ಕೆಳಗಿನ ಮನೆಯವರಾದ ನೀವು ಕಟ್ಟಡದ ಹಿಂದಿನ ತುಂಡು ನೆಲದಲ್ಲಿ ಮೂಲಂಗಿ, ಎಲೆಕೋಸು ಬೆಳೆಯುತ್ತಿದ್ದಿರಿ. ಒಮ್ಮೆ ಬೇಲಿಯಾಚೆ ನಿಂತು, ಮೆಂತ್ಯ ಸೊಪ್ಪು ತಿನ್ನುವ ಆಸೆ ಎಂದು ನನ್ನ ಹರಕು ಜಪಾನಿಯಲ್ಲಿ ಹೇಳಿದೆ — ಹೇಳುತ್ತಾ ಅತ್ತೇಬಿಟ್ಟೆ. ಸೊಪ್ಪಿಗೆ ಯಾರಾದರೂ ಅಳುತ್ತಾರೆಯೇ! ನೀವು ನಗಲಿಲ್ಲ. ನನ್ನ ಒಗ್ಗರಣೆ ಡಬ್ಬಿಯಿಂದ ಒಂದು ಹಿಡಿ ಕಾಳು ಕೇಳಿ ಪಡೆದಿರಿ.

ಮೊದಲ ಬಿತ್ತನೆ ನೀರು ನಿಂತು ಕೊಳೆಯಿತು. ನೀವು ಮರಳು ಬೆರೆಸಿ ಮಡಿ ಏರಿಸಿದಿರಿ, ಮೇಲೆ ಬೀದಿಬೀದಿಯ ಕೊಂಬಿನಿ ಅಂಗಡಿಯಲ್ಲಿ ಸಿಗುವ ಪಾರದರ್ಶಕ ಪ್ಲಾಸ್ಟಿಕ್ ಕೊಡೆಯೊಂದನ್ನು ಬಿಚ್ಚಿ ನೆಟ್ಟಿರಿ. ಆ ಕೊಡೆಯಡಿ ಹಸಿರು ಏಳುವುದನ್ನು ನಾನು ಕಿಟಕಿಯಿಂದ ದಿನಾ ನೋಡುತ್ತಿದ್ದೆ.

ಸೊಪ್ಪಿನ ಚೀಲವನ್ನು ನಮ್ಮ ಬಾಗಿಲಿಗೆ ನೇತುಹಾಕಿ ಹೋದಿರಲ್ಲ, ಅಂದೇ ನಿಮ್ಮ ಯಜಮಾನರಿಗೆ ಜ್ವರ ಎಂದು ತಿಳಿಯಿತು. ಕೈಗವಸು ಹಾಕಿ ಚೀಲ ಎತ್ತಿದೆ. ಗಂಟು ಬಿಚ್ಚುವ ಮೊದಲೇ ಘಮ — ಅದೇ, ಅಮ್ಮನ ಅಡುಗೆಮನೆಯದೇ —

"ಅಮ್ಮಾ, ವಾಶ್ ಮಾಡಿದ್ರೆ ಸಾಕಲ್ವಾ?" ಎಂದಳು ಮಗಳು.

"ಸುಮ್ನಿರು, ಮುಟ್ಬೇಡ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಅದು ತಾನಾಗಿ ತಪ್ಪಿದ್ದಲ್ಲ, ನಾನೇ ಎಸೆದದ್ದು. ಇಲ್ಲಿ ಕಸದ ಚೀಲದೊಳಗಿರುವುದೆಲ್ಲ ಹೊರಗೆ ಕಾಣುತ್ತದೆ; ನಿಮ್ಮ ಕಣ್ಣಿಗೆ ಬೀಳಬಾರದೆಂದು ಸೊಪ್ಪನ್ನು ಹಳೆಯ ಪೇಪರಿನಲ್ಲಿ ಸುತ್ತಿಟ್ಟೆ. ಬರೀ ಹೆದರಿಕೆಯಾಗಿದ್ದರೆ ಅಷ್ಟು ಅಚ್ಚುಕಟ್ಟು ಬೇಕಿತ್ತೇ?

ಯಜಮಾನರದು ಬರೀ ನೆಗಡಿಯಾಗಿತ್ತು. ಮುಂದಿನ ವಾರ ಮೆಟ್ಟಿಲ ಬಳಿ ಮಾಸ್ಕಿನೊಳಗಿಂದ ಕೇಳಿದಿರಿ: "ನಿಮ್ಮ ಅಮ್ಮನ ಮನೆಯ ರುಚಿ ಬಂತಾ?"

"ಹಾಗೇ ಇತ್ತು, ಚೆನ್ನಾಗಿತ್ತು. ಅರಿಗಾತೋ," ಎಂದು ವಂದಿಸಿದೆ. ನೀವು ಕಣ್ಣೊರೆಸಿಕೊಂಡಿರಿ.

ಆಮೇಲೆ ನೀವಿಬ್ಬರೂ ಹಿರೋಷಿಮಾದ ಮಗಳ ಮನೆಗೆ ಹೋದಿರಿ. ಆ ನೆಲ ಈಗ ನನ್ನ ಕೈಯಲ್ಲಿದೆ. ಮಡಿ ಏರಿಸುತ್ತೇನೆ, ಕೊಡೆ ನೆಡುತ್ತೇನೆ, ಸೊಪ್ಪೂ ಬರುತ್ತದೆ. ಆದರೂ ನನಗೆ ಬೇಕಿರುವುದು ಆ ಚೀಲದ ಸೊಪ್ಪು, ಬೇಲಿಯಾಚೆ ನೀವು. ಭಾನುವಾರದ ಫೋನಿನಲ್ಲಿ ಪ್ರತಿ ಸಲ ನೀವು ಆ ಮೆಂತ್ಯದ ಮಾತೆತ್ತುತ್ತೀರಿ, ನಾನು ಹೂಂ ಎನ್ನುತ್ತೇನೆ.

ಈ ಭಾನುವಾರ ಹೂಂ ಎನ್ನುವುದಿಲ್ಲ. ನೀವು ಬೆಳೆದ ಸೊಪ್ಪಿನ ರುಚಿ ಹೇಗಿತ್ತೋ ನನಗೆ ಗೊತ್ತಿಲ್ಲ, ಇತೋ ಸಾನ್ — ಎಂದೇ ಮಾತು ಶುರುಮಾಡುತ್ತೇನೆ.