ಚಂದದ ಗ್ರಾಫಿಗೆ ಹೆದರುತ್ತಿದ್ದ ಟೀಚರ್

ಟೀಚರರ ಎಡ ಮಣಿಕಟ್ಟಿನಲ್ಲಿ ಬಳೆ ಇರಬೇಕಾದ ಕಡೆ ಬಿಳಿಚಿದ ಪಟ್ಟಿಯೊಂದಿತ್ತು. ಮೈಯ ಸ್ಥಿರವಿದ್ಯುತ್ತು ತಗಲಿ ಚಿಪ್ ಹಾಳಾಗದಿರಲೆಂದು ಲ್ಯಾಬಿನಲ್ಲಿ ಕಟ್ಟಿಕೊಳ್ಳುವ ಪಟ್ಟಿಯ ಗುರುತು ಅದು. ತಿರುವನಂತಪುರದಲ್ಲಿ ನನ್ನ ಪಿಎಚ್.ಡಿ.ಗೆ ಅವರೇ ಗೈಡ್. ಕಾಸರಗೋಡಿನವರು, ಕೊಚ್ಚಿಯ ಮಟ್ಟಾಂಚೇರಿಗೆ ಮದುವೆಯಾಗಿ ಬಂದವರು. ವಾರವೆಲ್ಲ ತಿರುವನಂತಪುರದ ಪಟ್ಟಂ ಬಡಾವಣೆಯಲ್ಲಿ ಬಾಡಿಗೆ ಫ್ಲ್ಯಾಟು, ಶನಿವಾರ ಕೊಚ್ಚಿಯ ರೈಲು. ನಾನೂ ಕಾಸರಗೋಡಿನವಳೆಂದು ನನ್ನೊಡನೆ ಮಾತ್ರ ಕನ್ನಡ.

ಅವರಿಗೆ ಯಾವುದರ ಮೇಲೂ ಸುಲಭಕ್ಕೆ ನಂಬಿಕೆ ಹುಟ್ಟುತ್ತಿರಲಿಲ್ಲ. ಚಾಲೈ ಪೇಟೆಯಲ್ಲಿ ಕೊಂಡ ನೇಂದ್ರ ಬಾಳೆಹಣ್ಣನ್ನು ಪಕ್ಕದಂಗಡಿಯ ತಕ್ಕಡಿಯಲ್ಲಿ ಇನ್ನೊಮ್ಮೆ ತೂಗಿಸಿ, ಇಬ್ಬರು ವ್ಯಾಪಾರಿಗಳ ಕೋಪವನ್ನೂ ಕಟ್ಟಿಕೊಳ್ಳುತ್ತಿದ್ದರು.

ಮೂರು ವರ್ಷ ಒದ್ದಾಡಿ ನಾನು ಮಾಡಿದ ಟ್ರಾನ್ಸಿಸ್ಟರಿನಲ್ಲಿ ವಿದ್ಯುತ್ ಸೋರಿಕೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಬಂತು. ಕುಣಿಯುವುದೊಂದು ಬಾಕಿ. ಟೀಚರ್ ಗ್ರಾಫ್ ನೋಡಿ, "ಎಂತ ಮಾರಾಯ್ತಿ, ಇಷ್ಟು ಚಂದ ಬಂದದ್ದು ನೋಡಿ ನಿಂಗೆ ಹೆದ್ರಿಕೆ ಆಗ್ಲಿಲ್ವಾ?" ಎಂದರು. ಜರ್ನಲ್ಲಿಗೆ ಕಳಿಸಬೇಕಾದ ಪೇಪರ್ ಎರಡು ತಿಂಗಳು ಅವರ ಮೇಜಿನಲ್ಲೇ ಉಳಿಯಿತು. ಗೈಡುಗಳು ಹೀಗೆಯೇ ತಡೆದಿಟ್ಟು ತಮ್ಮ ಹೆಸರಲ್ಲಿ ಅಚ್ಚು ಹಾಕಿಸುತ್ತಾರೆಂದು ಹಾಸ್ಟೆಲಿನ ಗೆಳತಿ ನನ್ನ ತಲೆಗೆ ಹುಳ ಬಿಟ್ಟಳು. ಒಂದು ಸೋಮವಾರ ನೋಡಿದರೆ ಕಪಾಟಿನಲ್ಲಿ ಆ ಟ್ರಾನ್ಸಿಸ್ಟರಿದ್ದ ನನ್ನ ಚಿಪ್ ಇಲ್ಲ, ಟೀಚರೂ ಇಲ್ಲ, ಫೋನೂ ಎತ್ತುತ್ತಿಲ್ಲ. ಮಧ್ಯಾಹ್ನದೊಳಗೆ ವಿಭಾಗದ ಮುಖ್ಯಸ್ಥರಿಗೆ ದೂರು ಬರೆದುಕೊಟ್ಟೆ. ಕಳವು ಎಂಬ ಪದವನ್ನೇ ಬಳಸಿದ್ದೆ.

ಮರುದಿನ ಮುಖ್ಯಸ್ಥರು ಇಬ್ಬರನ್ನೂ ಕರೆಸಿದರು. ಟೀಚರ್ ಚೀಲದಿಂದ ಚಿಪ್ ಇದ್ದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಕೊಚ್ಚಿಯಲ್ಲಿ ಹಳೆಯ ಸಹಪಾಠಿಯೊಬ್ಬರ ಲ್ಯಾಬಿಗೆ ಹೋಗಿ ಬೇರೆ ಯಂತ್ರದಲ್ಲಿ ಅಳೆದು ಬಂದಿದ್ದರು. ಸೋರಿಕೆ ನಾನು ಬರೆದದ್ದರ ನೂರು ಪಟ್ಟು. ನಮ್ಮ ಯಂತ್ರದ ಕೇಬಲ್ ಒಳಗೇ ಕೆಟ್ಟು ಅದನ್ನು ಮರೆಮಾಚಿತ್ತು. ಆ ಪೇಪರ್ ಅಚ್ಚಾಗಿದ್ದರೆ ನನ್ನ ಹೆಸರು ಅಲ್ಲಿಗೇ ಮುಗಿಯುತ್ತಿತ್ತು.

ದೂರನ್ನು ಅವರು ಎರಡು ಸಲ ಓದಿದರು. ಸಂಶಯ ಪಡಲು ಕಲಿಸಿದ್ದು ನಾನೇ, ಇದನ್ನು ಫೈಲಿಗೆ ಸೇರಿಸಬೇಡಿ ಎಂದು ಮುಖ್ಯಸ್ಥರಿಗೆ ಮಲಯಾಳದಲ್ಲಿ ಹೇಳಿದರು. ಹೊರಗೆ ಬಂದ ಮೇಲೆ ನನ್ನ ಕಡೆ ತಿರುಗಿದರು.

"ಹೇಳದೆ ಕೊಂಡೋದದ್ದು ನನ್ನ ತಪ್ಪು. ನೀನು ಸಂಶಯ ಪಟ್ಟದ್ದಕ್ಕೂ ಬೇಜಾರಿಲ್ಲ. ಆದ್ರೆ ನನ್ನನ್ನು ಒಂದೇ ಸಲ ಅಳತೆ ಮಾಡಿ ಬರ್ದಿಯಲ್ಲ."

ಆಮೇಲೆ ಟೀಚರ್ ನನ್ನಿಂದ ಕೆಲಸವನ್ನು ಮೊದಲಿನಿಂದ ಮಾಡಿಸಿ, ಡಿಗ್ರಿ ಕೊಡಿಸಿ, ಕೊಚ್ಚಿಯಲ್ಲಿ ನೌಕರಿಗೆ ಶಿಫಾರಸು ಬರೆದರು. ನಾನು ನಾಚಿಕೆಯಿಂದ ಕ್ಷಮೆ ಕೇಳುವುದನ್ನು ನಾಳೆ ನಾಳೆ ಎಂದು ವರ್ಷಗಟ್ಟಲೆ ಮುಂದೂಡಿದೆ.

ಕಳೆದ ವರ್ಷ ಅವರು ತೀರಿಕೊಂಡರು. ಮಟ್ಟಾಂಚೇರಿಯ ಮನೆಗೆ ಹೋದಾಗ ಮಗಳು ಅತ್ತ ಕಣ್ಣಲ್ಲೇ ನಗುತ್ತ, ಅಮ್ಮ ನಿಮ್ಮ ಮೇಲೂ ಸಂಶಯ ಪಡ್ತಿದ್ರಾ ಎಂದು ಮಲಯಾಳದಲ್ಲಿ ಕೇಳಿದಳು. ದೂರಿನ ಸಂಗತಿಯನ್ನು ಟೀಚರ್ ಮನೆಯಲ್ಲೂ ಆಡಿರಲಿಲ್ಲವೆಂದು ಆಗ ತಿಳಿಯಿತು. ಅವಳನ್ನು ಪಕ್ಕಕ್ಕೆ ಕರೆದು, ನಾನೇ ಎಲ್ಲವನ್ನೂ ಹೇಳಿದೆ.