ಕರಡಿ ಗೊಂಬೆಯ ಭಂಡಾರದ ಚೀಲ

ಮೊನ್ನೆ ಹೊಸಪೇಟೆಯ ಆಟಿಕೆ ಅಂಗಡಿಯಲ್ಲಿ ಕರಿ ಕೂದಲಿನ ಕರಡಿ ಗೊಂಬೆಯೊಂದನ್ನು ಮುಟ್ಟಿದೆ. ತಟ್ಟನೆ ಅರಿಶಿನದ ವಾಸನೆ ಬಂದಂತಾಯಿತು. ಗೊಂಬೆಗೆಲ್ಲಿಯ ಅರಿಶಿನ! ಆದರೆ ನನಗಂತೂ ಬಂತು... ಜೊತೆಗೇ ಹಡಗಲಿಯ ನಮ್ಮ ಓಣಿಯ ಗೊರವಜ್ಜನೂ ಬಂದ.

ಅಜ್ಜ ಮೈಲಾರಲಿಂಗನ ಸೇವೆಯ ಗೊರವ. ಕರಿ ಕಂಬಳಿ ಹೊದ್ದು, ಡಮರುಗ ಬಾರಿಸುತ್ತ ಬಂದು, ಹೆಗಲ ಚೀಲದಿಂದ ಭಂಡಾರ, ಅಂದರೆ ದೇವರ ಅರಿಶಿನ ಪುಡಿ, ತೆಗೆದು ನಮ್ಮ ಹಣೆಗೆ ಬಳಿಯುತ್ತಿದ್ದ. ಆ ಚೀಲ ಅವನ ಮುತ್ತಾತನ ಕಾಲದ್ದು, ಕರಡಿ ಚರ್ಮದ್ದು.

ನಾನಾಗ ಎಂ.ಎ. ಓದುತ್ತಿದ್ದೆ. ಧರ್ಮ ಮತ್ತು ಜಾಗತೀಕರಣ ಒಂದನ್ನೊಂದು ಹೇಗೆ ಬದಲಿಸುತ್ತವೆ ಎಂಬುದರ ಮೇಲೆ ಪ್ರಬಂಧ ಬರೆಯಬೇಕಿತ್ತು. ಎಷ್ಟು ಓದಿದರೂ ಒಂದು ಸಾಲೂ ಹುಟ್ಟದೆ ತಲೆ ಕೆಟ್ಟು ಹೊರಗೆ ಬಂದರೆ, ಅಜ್ಜ ಕಟ್ಟೆಯ ಮೇಲೆ ಮುಖ ಇಳಿಬಿಟ್ಟು ಕೂತಿದ್ದ. ಅವತ್ತು ಭಾನುವಾರ, ಮೈಲಾರಲಿಂಗನ ವಾರ.

“ಮೈಲಾರಕ್ಕ ಹೋಗ್ಲಿಲ್ಲೇನಜ್ಜ?”

“ಹೆಂಗ ಹೋಗ್ಲವ್ವಾ? ಚೀಲ ಪೂರಾ ಹರದೈತಿ. ಕರಡಿ ತೊಗಲು ಮುಟ್ಟಿದ್ರ ಈಗ ಒಳಗ ಹಾಕ್ತಾರ. ಬಟ್ಟಿ ಚೀಲದಾಗ ಭಂಡಾರ ಒಯ್ಯೂದು ನಮ್ಮ ಮನಿತನದಾಗ ಇಲ್ಲ. ಇನ್ನ ನಾ ಆ ದೇವ್ರ ಮಾರಿ ನೋಡಂಗಿಲ್ಲ.”

ಅವನ ಕಣ್ಣು ತುಂಬಿದ್ದವು. ನಗಿಸೋಣವೆಂದು ಒಳಗೆ ಓಡಿ, ನನ್ನ ಬಾಲ್ಯದ ಕರಡಿ ಗೊಂಬೆ ತಂದು ಅವನ ತೊಡೆಯ ಮೇಲಿಟ್ಟೆ. “ತಗೋ, ಕರಡಿ!”

ಅಜ್ಜ ನಗಲಿಲ್ಲ. ಕೂದಲು ಸವರಿದ, ಕಿವಿ ಜಗ್ಗಿದ. “ಹೌದಲ್ಲ, ಇದೂ ಕರಡೀನ!” ಎಂದವನೇ ಹೊಟ್ಟೆಯ ಹೊಲಿಗೆ ಬಿಚ್ಚಿ ಹತ್ತಿಯನ್ನೆಲ್ಲ ಕಿತ್ತು ಹಾಕಿದ. ಒಳಗೆ ಹೊಲಿದಿದ್ದ ‘ಮೇಡ್ ಇನ್’ ಪಟ್ಟಿಯನ್ನು ಓದಿ ನಾನು ಎದ್ದು ಕುಣಿದೆ. “ಅಜ್ಜ, ಇದು ಚೀನಾದ್ದು!”

“ಅಲ್ಲಿ ಯಾರು ಹೊಲದಾರವ್ವಾ ಇದನ್ನ?”

“ಯಾರೋ ಹೆಣ್ಮಗಳು, ಕಾರ್ಖಾನ್ಯಾಗ ಹೊಲದಿರಬೇಕು.”

ಅಜ್ಜ ಹರಿದ ಚೀಲದ ಮೂಲೆಯಿಂದ ಚಿಟಿಕೆ ಭಂಡಾರ ತೆಗೆದು ಮೊದಲು ಆ ಪಟ್ಟಿಗೆ ಹಚ್ಚಿದ. “ಹಂಗಾರ ಮೊದಲ್ನೇ ಭಂಡಾರ ಆ ತಾಯಿಗೆ. ಆಕಿ ಮನಿ ತಣ್ಣಗಿರ್ಲಿ.”

ಪುಸ್ತಕಗಳಲ್ಲಿ ತಿಂಗಳುಗಟ್ಟಲೆ ಹುಡುಕಿದ್ದು ಕಟ್ಟೆಯ ಮೇಲೆ ನನ್ನ ಎದುರಿಗೇ ನಡೆದುಹೋಗಿತ್ತು! ಮಧ್ಯಾಹ್ನದ ಬಸ್ಸಿಗೆ ಅಜ್ಜನ ಜೊತೆ ನಾನೂ ಮೈಲಾರಕ್ಕೆ ಹೊರಟೆ. ಭಂಡಾರ ತುಂಬಿಕೊಂಡು ಅಜ್ಜನ ಹೆಗಲೇರಿದ್ದ ಎರಡು ಕಿವಿಯ ಚೀಲ ನೋಡಿ ಬಸ್ಸಿನವರೆಲ್ಲ ನಕ್ಕರು. ಅಜ್ಜನೂ ನಕ್ಕ. ಗುಡಿಯ ಮುಂದೆ ಅವನು ಕುಣಿದ ಕುಣಿತ... ಏನು ಹೇಳಲಿ, ಇಪ್ಪತ್ತರ ಹುಡುಗರೂ ಹಿಂದೆ ಬೀಳಬೇಕು.

“ಯಾರಿಗ್ರಿ ಮೇಡಂ, ಮಗಳಿಗೇನ್ರಿ?” ನನ್ನ ಕೈಯಲ್ಲಿದ್ದ ಗೊಂಬೆ ನೋಡಿ ಹೊಸಪೇಟೆಯ ಅಂಗಡಿಯ ಹುಡುಗಿ ಕೇಳಿದಳು.

“ಅಲ್ಲ, ನಮ್ಮ ಅಜ್ಜಗ,” ಎಂದುಬಿಟ್ಟೆ.

ಅವಳು ನಕ್ಕಳು, ನಾನೂ ನಕ್ಕೆ. ಆಮೇಲೆ ನೆನಪಾಯಿತು. ಆ ಚೀಲವನ್ನು ಕಿವಿಗಳ ಸಮೇತ ಅಜ್ಜನ ಎದೆಯ ಮೇಲಿಟ್ಟೇ ಮಣ್ಣು ಮಾಡಿದ್ದೆವು.