ನನ್ನ ಎತ್ತರಕ್ಕೊಂದು ಬೇಸಿನ್

ಎರಡು ವರ್ಷದ ಹಿಂದೆ, ದೀಪಾವಳಿ ಕಳೆದ ಮೇಲಿನ ಮಾತು. ತಲ್ಲೂರಿನಲ್ಲಿ ನಮ್ಮ ಹೊಸ ಮನೆಯ ಗೋಡೆ, ಸ್ಲ್ಯಾಬು ಎಲ್ಲ ಮುಗಿದು ಟೈಲ್ಸ್ ಕೆಲಸ ಶುರುವಾಗಿತ್ತು. ಮನೆ ದೊಡ್ಡದೇನಲ್ಲ. ನಾನು, ಅಮ್ಮ ಇಬ್ಬರೇ ಇರುವವರು. ಎರಡು ಕೋಣೆ, ಒಂದು ಅಡುಗೆಮನೆ, ಒಂದು ಬಚ್ಚಲು. ಅಮ್ಮ ಕಡಲ ಬದಿಯ ಕೋಡಿಯಲ್ಲಿ ಮೀನು ಮಾರಿ ನನ್ನನ್ನು ಸಾಕಿದವಳು. ನಾನು ಕುಂದಾಪುರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಹದಿನೆಂಟು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದ ನಮಗೆ ಕೊನೆಗೂ ಒಂದು ಸ್ವಂತ ಸೂರು ಆಗುತ್ತಿತ್ತು.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ನನ್ನ ಎತ್ತರ ಮೂರು ಮುಕ್ಕಾಲು ಅಡಿ. ಆಗ ನನಗೆ ಮೂವತ್ತೊಂಬತ್ತು ವರ್ಷ. ಬಸ್ಸಿನಲ್ಲಿ ಹಿಂದಿನಿಂದ ನೋಡಿ ‘ಹಾಫ್ ಟಿಕೆಟ್ಟಾ?’ ಎಂದು ಕೇಳಿದ ಕಂಡಕ್ಟರು ಮತ್ತೆ ಯಾರನ್ನೂ ಹಾಗೆ ಕೇಳಿರಲಾರ, ನನ್ನಿಂದ ಅಷ್ಟು ಬೈಸಿಕೊಂಡಿದ್ದಾನೆ. ನನ್ನ ನಾಲಿಗೆ ನನ್ನಷ್ಟು ಗಿಡ್ಡ ಅಲ್ಲ. ಯಾರಾದರೂ ನನ್ನನ್ನು ಸ್ವಲ್ಪ ಹೊತ್ತು ನೋಡಿದರೆ ಸಾಕು, ಅವರು ಬಾಯಿ ಬಿಡುವ ಮೊದಲೇ ನನ್ನ ಉತ್ತರ ತಯಾರಿರುತ್ತಿತ್ತು.

ಬಾಡಿಗೆ ಮನೆಗಳಲ್ಲಿ ನಲ್ಲಿ, ಕನ್ನಡಿ, ಸ್ವಿಚ್ಚು ಎಲ್ಲವೂ ಬೇರೆಯವರಿಗಾಗಿ ಮಾಡಿದ್ದು. ಹೋದಲ್ಲೆಲ್ಲ ಒಂದು ಪ್ಲಾಸ್ಟಿಕ್ ಸ್ಟೂಲು ನಮ್ಮ ಜೊತೆ ಬರುತ್ತಿತ್ತು. ಅದರ ಮೇಲೆ ಹತ್ತಿಯೇ ನಾನು ಮುಖ ತೊಳೆಯಬೇಕು. ಒಂದು ದಿನ ಸಾಬೂನಿನ ನೀರಿಗೆ ಸ್ಟೂಲು ಜಾರಿ, ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡೆ. ಕೈಯಿಂದಲೇ ಬದುಕುವವಳು ನಾನು. ಒಂದೂವರೆ ತಿಂಗಳು ಮಿಷನ್ನಿಗೆ ಬಟ್ಟೆ ಮುಚ್ಚಿಟ್ಟು ಕೂತೆ. ಅವತ್ತಿನಿಂದ ನಾನು ಬಚ್ಚಲಿಗೆ ಹೋದರೆ ಬರುವ ತನಕ ಅಮ್ಮನ ಕಿವಿ ಆ ಕಡೆಯೇ.

ಹಾಗಿದ್ದ ಮೇಲೆ ನನ್ನ ಸ್ವಂತ ಬಚ್ಚಲಲ್ಲಾದರೂ ಎಲ್ಲವನ್ನೂ ನನ್ನ ಎತ್ತರಕ್ಕೆ ಮಾಡಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಮ್ಮನೂ ಅದನ್ನೇ ಕೇಳಿದ್ದಳು. ಅಂಗಡಿಯ ಕಟಿಂಗ್ ಟೇಬಲ್ಲಿನ ಕಾಲು ನಾನೇ ಕೊಯ್ಸಿದ್ದೇನೆ, ಅದಕ್ಕೆ ನನಗೆ ನಾಚಿಕೆಯಿಲ್ಲ. ಆದರೆ ಮನೆಯ ವಿಷಯ ಬೇರೆ. ನಮ್ಮ ಕಡೆ ಮನೆ ಒಕ್ಕಲಿನ, ಅಂದರೆ ಗೃಹಪ್ರವೇಶದ ದಿನ ಊಟ ಮುಗಿಸಿದ ಹೆಂಗಸರು ಸುಮ್ಮನೆ ಹೋಗುವುದಿಲ್ಲ. ಅಡುಗೆಮನೆಯಿಂದ ಬಚ್ಚಲಿನವರೆಗೆ ಒಂದೊಂದು ಬಾಗಿಲೂ ತೆಗೆದು ನೋಡುತ್ತಾರೆ. ನನ್ನ ಮನೆಯ ಬಚ್ಚಲು ನೋಡಿ ಅವರು ಸೆರಗು ಬಾಯಿಗೆ ಇಟ್ಟುಕೊಂಡು ನಗುವುದು ನನಗೆ ಬೇಕಿರಲಿಲ್ಲ. ನೋಡಿದವರಿಗೆ ಅದು ಎಲ್ಲರ ಮನೆಯ ಹಾಗೆ ಕಾಣಬೇಕು, ಅಷ್ಟೇ.

ಟೈಲ್ಸ್ ಮತ್ತು ಪೈಪಿನ ಕೆಲಸಕ್ಕೆ ಕೊಕ್ಕರ್ಣೆಯ ಮಂಜಣ್ಣ ಎಂಬವರು ಬರುತ್ತಿದ್ದರು. ಐವತ್ತರ ಆಸುಪಾಸು, ಮಾತು ಕಡಿಮೆ. ಸಮುದ್ರದ ಹಸಿರು ಬಣ್ಣದ ಟೈಲ್ಸನ್ನು ನಾನೇ ಆರಿಸಿ ತಂದು ಅವರಿಗೆ ಹೇಳಿದೆ, “ಬೇಸಿನ್, ಕನ್ನಡಿ ಎಲ್ಲ ಎಲ್ಲರ ಮನಿ ಹಾಂಗೆ ಇರ್ಲಿ ಮಂಜಣ್ಣ. ನನ್ನ್ ಕಂಡ್ಕಂಡ್ ಎಂತದೂ ಮಾಡುದ್ ಬ್ಯಾಡ.” ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ನನಗೆ ಅಲ್ಲಿಗೇ ಸಿಟ್ಟು ಬಂದಿತ್ತು. “ಆಯ್ತ್ ಅಕ್ಕ” ಎಂದರು.

ನಾಲ್ಕು ದಿನ ಬಿಟ್ಟು, ಮದುವೆಯ ಬ್ಲೌಸುಗಳ ಕೆಲಸ ಬೇಗ ಮುಗಿದ ಕಾರಣ ಮಧ್ಯಾಹ್ನವೇ ತಲ್ಲೂರಿಗೆ ಬಂದೆ. ಬಚ್ಚಲಿಗೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟೆ. ಬೇಸಿನ್ನಿನ ಪೈಪು ಗೋಡೆಯಿಂದ ಹೊರಗೆ ಬಂದದ್ದು ನನ್ನ ತೊಡೆಯ ಹತ್ತಿರ. ಅದರ ಸುತ್ತ ಟೈಲ್ಸ್ ಹಾಕಿಯೂ ಆಗಿತ್ತು. ಮೇಲೆ ಪೆನ್ಸಿಲಿನಲ್ಲಿ ಕನ್ನಡಿಯ ಚೌಕ ಗೀಚಿದ್ದರು, ಅದೂ ತಗ್ಗಿನಲ್ಲೇ.

ಮೈಯೆಲ್ಲ ಉರಿದು ಹೋಯಿತು. ಹೊರಗೆ ವೈರಿಂಗಿನವರು ಇದ್ದರು, ಪಕ್ಕದ ಮನೆಯವರು ಬಟ್ಟೆ ಒಣಗಿಸುತ್ತಿದ್ದರು, ಯಾವುದನ್ನೂ ನೋಡಲಿಲ್ಲ. “ಯಾರ್ ಹೇಳ್ರ್ ನಿಮ್ಗೆ ಹೀಂಗ್ ಮಾಡುಕೆ? ಈ ಮನಿಯೊಳ್ಗೆ ಗಿಡ್ಡಿ ಇದ್ಲ್ ಅಂದೇಳಿ ಊರಿಗೆಲ್ಲ ಬೋರ್ಡ್ ಹಾಕುಕ್ ಹೊರಟದ್ದಾ? ನನ್ನ್ ದುಡಿಮೆಲಿ ಕಟ್ಸಿದ್ ಮನಿ ಇದ್. ಇಲ್ಲಿಯೂ ನನ್ನ್ ನಗಾಡುವವ್ರ್ ಬೇಕಾ?” ಎಂದೆ. ಇನ್ನೂ ಏನೇನೋ ಅಂದೆ. ಅದನ್ನೆಲ್ಲ ಇಲ್ಲಿ ಬರೆಯಲು ನನಗೇ ಮುಜುಗರ.

ಮಂಜಣ್ಣ ಕೈಯ ಸಿಮೆಂಟು ಒರೆಸಿಕೊಂಡು, “ನಿಮ್ಮ್ ಕೈ ಮುರ್ದ್ ಕಥಿ ಅಮ್ಮ ಹೇಳಿರ್. ಕೇಂಡ್ ಮೇಲೆ ನಂಗೆ ಬೇಸಿನ್ ಎತ್ರಕ್ಕೆ ಇಡುಕ್ ಮನ್ಸಾಯ್ಲಿಲ್ಲೆ. ಆದ್ರೂ ನಿಮ್ಹತ್ರ ಕೇಣ್ದೆ ಮಾಡಿದ್ ನನ್ನ್ ತಪ್ಪೇ ಅಕ್ಕ. ಟೈಲ್ಸ್ ತೆಗ್ದ್ ನೀವ್ ಹೇಳಿದಾಂಗೇ ಮಾಡ್ತೆ” ಎಂದರು. ಸುತ್ತಿಗೆ, ಉಳಿ ಹಿಡಿದು ಗೋಡೆಯ ಹತ್ತಿರ ಮಂಡಿಯೂರಿ ಕೂತರು. ಕೆಲಸ ನೋಡಿಕೊಳ್ಳಲು ಬಂದಿದ್ದ ಅಮ್ಮ ಬಾಗಿಲಲ್ಲಿ ನಿಂತಿದ್ದಳು.

ನನಗೆ ಅಷ್ಟಕ್ಕೇ ಸಮಾಧಾನವಿಲ್ಲ. ಮಾಡಿದ್ದು ಪೂರ್ತಿ ತಪ್ಪು ಎಂದು ತೋರಿಸಿಯೇ ಬಿಡುವ ಹಟ. ಬ್ಯಾಗಿನಿಂದ ನನ್ನ ಟೇಪು ತೆಗೆದು ನೆಲದಿಂದ ಹಿಡಿದೆ. ಬೇಸಿನ್ನಿನ ಅಂಚಿಗೆ ಹಾಕಿದ ಗೆರೆ ಇಪ್ಪತ್ತೆರಡು ಇಂಚಿನಲ್ಲಿತ್ತು. ಅದರ ಮುಂದೆ ನಿಂತು ಕೈ ಚಾಚಿದೆ. ಮೊಣಕೈ ಎತ್ತಬೇಕಾಗಲಿಲ್ಲ. ತಲೆ ಎತ್ತಿದೆ, ಪೆನ್ಸಿಲಿನ ಚೌಕದ ನಟ್ಟ ನಡು ನನ್ನ ಕಣ್ಣಿಗೆ ಸರಿಯಾಗಿತ್ತು. ಹೊಲಿಗೆಯವಳಾದ ನಾನೇ ಅಳತೆ ತೆಗೆದಿದ್ದರೂ ಅದಕ್ಕಿಂತ ಚೆನ್ನಾಗಿ ಬರುತ್ತಿರಲಿಲ್ಲ.

“ನನ್ನ್ ಅಳತಿ ತೆಗಿಲೇ ಇಲ್ಲ ನೀವು. ಮತ್ತ್ ಹ್ಯಾಂಗ್ ಸಿಕ್ತ್ ನಿಮ್ಗೆ?” ಎಂದು ಕೇಳಿದೆ. ದನಿಯಲ್ಲಿ ಇನ್ನೂ ಸಿಟ್ಟೇ ಇತ್ತು.

ಮಂಜಣ್ಣ ಕೂತಲ್ಲಿಂದಲೇ ನನ್ನ ಕಡೆ ತಿರುಗಿದರು. ಆಗ ನೋಡಿದೆ. ಅವರ ಕಣ್ಣು, ನನ್ನ ಕಣ್ಣು ಒಂದೇ ಮಟ್ಟದಲ್ಲಿದ್ದವು.

“ಟೈಲ್ಸ್ ಹಾಕುವವ ಅಲ್ದಾ ಅಕ್ಕ ನಾನ್. ಬೆಳಿಗ್ಗೆಯಿಂದ ಸಂಜಿ ತನ್ಕ ಮಂಡಿ ಊರ್ಕಂಡೇ ಇಪ್ಪುದ್. ಮಂಡಿ ಊರಿದ್ರೆ ನಾನೂ ನಿಮ್ಮಷ್ಟೇ” ಎಂದರು. “ನೀವ್ ಹೇಳಿದ್ ಎತ್ರಕ್ಕೆ ಗೆರಿ ಹಾಕಿ, ಹೀಂಗೇ ಕೂಕಂಡ್ ಕೈ ತೊಳುಕ್ ಆತ್ತಾ ಕಂಡೆ. ಆಯ್ಲಿಲ್ಲೆ. ನಾನಾದ್ರೆ ಎದ್ದ್ ನಿಂತ್ರೆ ಆಯ್ತ್. ನೀವ್ ಎಂತ ಮಾಡೂದ್ ಅಂತ ಅನ್ಸಿತ್.”

ಇಷ್ಟು ವರ್ಷದಲ್ಲಿ ನನ್ನನ್ನು ನೋಡಿ ನಕ್ಕವರಿದ್ದಾರೆ, ಪಾಪ ಎಂದವರಿದ್ದಾರೆ. ನಾನು ನಿಂತಲ್ಲಿಂದ ಲೋಕ ಹೇಗೆ ಕಾಣುತ್ತದೆ ಎಂದು ಒಬ್ಬರೂ ನೋಡಿರಲಿಲ್ಲ. “ಒಡೆಬೇಡಿ, ಹಾಂಗೇ ಇರ್ಲಿ” ಎಂದಷ್ಟು ಹೇಳಿ ಹಿತ್ತಿಲಿಗೆ ಹೋದೆ. ಮರಳಿನ ರಾಶಿಯ ಹಿಂದೆ ನಿಂತು ಚೆನ್ನಾಗಿ ಅತ್ತೆ. ಅಳು ಬಂದದ್ದು ದುಃಖಕ್ಕಲ್ಲ. ಅಂಥ ಮನುಷ್ಯನಿಗೆ ನಾಲ್ಕು ಜನರ ಎದುರು ಬಾಯಿಗೆ ಬಂದಂತೆ ಅಂದುಬಿಟ್ಟೆನಲ್ಲ ಎಂಬ ನಾಚಿಕೆಗೆ.

ಆ ಮೇಲಿನ ಒಂದು ವಾರ ಅಂಗಡಿಗೆ ಹೋಗುವ ಮೊದಲು ದಿನಾ ಮಂಜಣ್ಣನ ಜೊತೆ ನಿಂತು ಬಚ್ಚಲನ್ನು ನನಗೆ ಬೇಕಾದಂತೆ ಮಾಡಿಸಿಕೊಂಡೆ. ಶವರಿನ ನಲ್ಲಿ, ಸೋಪಿನ ಗೂಡು, ಟವೆಲಿನ ಕೊಕ್ಕೆ, ಬಾಗಿಲ ಚಿಲಕ ಎಲ್ಲವೂ ಕೆಳಗೆ ಬಂದವು. ಸೊಂಟ ಬಗ್ಗಿದ ಅಮ್ಮನಿಗೆ ಹಿಡಿದುಕೊಳ್ಳಲು ಒಂದು ಸ್ಟೀಲಿನ ಸರಳು ಬಂತು. ನೆಲಕ್ಕೆ ತಂದಿದ್ದ ಹೊಳೆಯುವ ಟೈಲ್ಸನ್ನು ಮಂಜಣ್ಣ ಜಾರುತ್ತದೆ, ಬೇಡವೆಂದು ವಾಪಸು ಕಳಿಸಿದರು. ಕೆಲಸ ಮುಗಿಸಿ ಹೊರಟ ದಿನ, “ಅವತ್ತ್ ಹೇಳಿದ್ದೆಲ್ಲ ಮನ್ಸಂಗ್ ಇಟ್ಕಣ್ಬೇಡಿ” ಎಂದೆ. “ಹಾಕಿದ್ ಟೈಲ್ಸ್ ಒಡೂಕ್ ಬಿಡ್ಲಿಲ್ಲೆ ಅಲ್ದಾ, ಸಾಕ್” ಎಂದು ನಕ್ಕು ಬೈಕ್ ಹತ್ತಿದರು.

ಒಕ್ಕಲಿನ ದಿನ ನಾನು ಹೆದರಿದ್ದೇ ಆಯಿತು. ಹೆಂಗಸರ ದಂಡು ಬಚ್ಚಲಿನ ಬಾಗಿಲು ತೆಗೆಯಿತು. ನಮ್ಮ ಚಿಕ್ಕಮ್ಮ ಸೊಂಟ ಬಗ್ಗಿಸಿ ಕೈ ತೊಳೆಯುತ್ತಾ, “ಇದೆಂತ ಮಾರಾಯ್ತಿ, ಅಂಗನವಾಡಿ ಕಟ್ಸಿದ್ಯಾ?” ಎಂದರು. ಎಲ್ಲರೂ ನಕ್ಕರು. “ಇಲ್ಲ ಚಿಕ್ಕಮ್ಮ, ಇದ್ ನನ್ ಅಳತಿ. ನೀವ್ ಒಂದಿನ ಬಗ್ಗಿ, ಅಡ್ಡಿಲ್ಲ. ನಂಗೆ ದಿನಾ ಸ್ಟೂಲ್ ಹತ್ತುಕಾತಿಲ್ಲೆ” ಎಂದೆ. ಆಶ್ಚರ್ಯವೆಂದರೆ ನನಗೆ ಸಿಟ್ಟೇ ಬಂದಿರಲಿಲ್ಲ. ಹಾಗೆಂದು ನಾನೇನೂ ಆಮೇಲೆ ಸಾಧುವಾಗಿಲ್ಲ, ಬೈಯುವವರಿಗೆ ಈಗಲೂ ಬೈಯುತ್ತೇನೆ. ಆದರೆ ಯಾರಾದರೂ ನನ್ನನ್ನು ನೋಡುತ್ತಾ ನಿಂತರೆ ಒಂದು ಕ್ಷಣ ಸುಮ್ಮನಿರುತ್ತೇನೆ. ನೋಡುವವರೆಲ್ಲ ನಗುವುದಕ್ಕೇ ನೋಡುವುದಿಲ್ಲ ಎಂದು ಈಗ ನನಗೆ ಗೊತ್ತು.

ಒಕ್ಕಲಿನ ಮರುದಿನ ಬೆಳಿಗ್ಗೆ ಮುಖ ತೊಳೆಯಲು ಬೇಸಿನ್ನಿನ ಮುಂದೆ ನಿಂತೆ. ಕನ್ನಡಿಯಲ್ಲಿ ನನ್ನ ಮುಖ ಪೂರ್ತಿ ಇತ್ತು, ಕುತ್ತಿಗೆ ಇತ್ತು, ಭುಜ ಇತ್ತು. ತೊಳೆದ ನೀರು ತೋಳಿಗಿಳಿಯದೆ ಬೇಸಿನ್ನಿಗೇ ಬಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ತಿಳಿಯದು. ಅಮ್ಮ ಗಾಬರಿಯಿಂದ ಬಾಗಿಲು ಬಡಿದಳು.

“ಎಂತ ಆಯ್ತ್ ಹೆಣ್ಣೆ? ಬಿದ್ಯಾ?”

“ಇಲ್ಲ ಅಮ್ಮ” ಎಂದೆ. “ನೆಲದ್ ಮೇಲೆ ನಿಂತ್ಕಂಡಿದ್ದೆ.”